ಶೇ 40ಕ್ಕೇ ನಿಲ್ಲುವ ತಾಳಮದ್ದಳೆಯ ವಿಡಿಯೊ

ಪ್ರಶ್ನೆ: ನಮ್ಮೂರಿನ ಹವ್ಯಾಸಿ ಸಂಘದ ತಾಳಮದ್ದಳೆಯ 40 ನಿಮಿಷಗಳ ಭಾಗವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿದ್ದೇನೆ. ಫೈಲ್ ಸುಮಾರು 5 ಜಿ.ಬಿ. ಇದೆ. ಸಂಘದ ಹೊಸ ಯೂಟ್ಯೂಬ್ ಚಾನೆಲ್‌ಗೆ ಅದನ್ನು ಅಪ್‌ಲೋಡ್ ಮಾಡಲು ನಾಲ್ಕು ದಿನಗಳಿಂದ ಪ್ರಯತ್ನಿಸುತ್ತಿದ್ದೇನೆ. ಬೆಳಿಗ್ಗೆ ಆರಂಭಿಸಿದರೆ ಮಧ್ಯಾಹ್ನದ ಹೊತ್ತಿಗೆ ಶೇ 35ರಿಂದ 40ರವರೆಗೆ ಹೋಗಿ ನಿಂತುಬಿಡುತ್ತದೆ. ಸಂಜೆಯವರೆಗೆ ಕಾದು, ರದ್ದು ಮಾಡಿ, ಮರುದಿನ ಮೊದಲಿನಿಂದ ಆರಂಭಿಸಿದರೂ ಅದೇ ಕಥೆ. ನನ್ನ ಸಿಮ್‌ನಲ್ಲಿ ದಿನಕ್ಕೆ 2 ಜಿ.ಬಿ. ಡೇಟಾ ಇದೆ. ಬೆಳಗಿನ ಹೊತ್ತು ವಿಡಿಯೊಗಳು ಸರಾಗವಾಗಿ ಓಡುತ್ತವೆ. ಮೊಬೈಲ್ ಕೆಟ್ಟಿದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಮೊಬೈಲ್ ಕೆಟ್ಟಿಲ್ಲ. ಕಾರಣ ನೀವೇ ಬರೆದಿರುವ ಅಂಕಿಗಳಲ್ಲಿದೆ: 5 ಜಿ.ಬಿ.ಯಲ್ಲಿ ಶೇ 40 ಎಂದರೆ ಸರಿಯಾಗಿ 2 ಜಿ.ಬಿ. ಅಂದರೆ ಪ್ರತಿದಿನವೂ ವಿಡಿಯೊ ನಿಲ್ಲುತ್ತಿರುವುದು ನಿಮ್ಮ ಅಂದಿನ ಡೇಟಾ ಮುಗಿಯುವ ಜಾಗದಲ್ಲಿ. ದಿನದ ಮಿತಿ ಮುಗಿದ ಮೇಲೆ ಸಂಪರ್ಕ ಪೂರ್ತಿ ಕಡಿದುಹೋಗುವುದಿಲ್ಲ. ಸಾಮಾನ್ಯವಾಗಿ ವೇಗ 64 ಕೆಬಿಪಿಎಸ್‌ಗೆ (ಸೆಕೆಂಡಿಗೆ 64 ಕಿಲೊಬಿಟ್) ಇಳಿಯುತ್ತದೆ. ಆ ವೇಗದಲ್ಲಿ ಒಂದು ಜಿ.ಬಿ. ಕಳುಹಿಸಲು ಸುಮಾರು 35 ಗಂಟೆ ಬೇಕಾಗುವುದರಿಂದ, ಕೆಲಸ ನಡೆಯುತ್ತಿದ್ದರೂ ನಿಂತಂತೆಯೇ ಕಾಣುತ್ತದೆ. ಮೇಲಾಗಿ, ಸಂಜೆ ನೀವು ಅದನ್ನು ರದ್ದು ಮಾಡುವಾಗ ಆಗಲೇ ಹೋಗಿದ್ದ 2 ಜಿ.ಬಿ. ಕೂಡ ವ್ಯರ್ಥವಾಗುತ್ತಿದೆ. ನಾಲ್ಕು ದಿನಗಳ ನಿಮ್ಮ ಶ್ರಮ ಹೀಗೆ ಹೋಯಿತಲ್ಲ ಎಂದು ನನಗೂ ಬೇಸರವಾಯಿತು.

ಪರಿಹಾರವಿರುವುದು ಫೈಲನ್ನು ಚಿಕ್ಕದಾಗಿಸುವುದರಲ್ಲಿ. ಮೊಬೈಲ್ ಕ್ಯಾಮೆರಾ 1080ಪಿ ಗುಣಮಟ್ಟದಲ್ಲಿ ನಿಮಿಷಕ್ಕೆ ನೂರು ಎಂ.ಬಿ.ಗೂ ಮಿಕ್ಕಿ ದಾಖಲಿಸುವುದುಂಟು. ಯೂಟ್ಯೂಬ್ ಅಷ್ಟನ್ನು ಕೇಳುವುದಿಲ್ಲ. ಸೆಕೆಂಡಿಗೆ 30 ಚೌಕಟ್ಟುಗಳ 1080ಪಿ ವಿಡಿಯೊಗೆ 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್), 720ಪಿ ವಿಡಿಯೊಗೆ 5 ಎಂಬಿಪಿಎಸ್ ಎಂಬುದು ಅದರದೇ ಶಿಫಾರಸು. ಲೆಕ್ಕ ಹಾಕಿದರೆ ನಿಮ್ಮ 40 ನಿಮಿಷಗಳು 1080ಪಿ.ಯಲ್ಲಿ ಸುಮಾರು 2.4 ಜಿ.ಬಿ., 720ಪಿ.ಯಲ್ಲಿ 1.5 ಜಿ.ಬಿ. ಆಗುತ್ತವೆ. ಎರಡನೆಯದು ನಿಮ್ಮ ದಿನದ ಮಿತಿಯೊಳಗೇ ಬರುತ್ತದೆ. ಯಕ್ಷಗಾನದ ಕುಣಿತವಾಗಿದ್ದರೆ ನಾನು 720ಪಿ ಎನ್ನಲು ಹಿಂಜರಿಯುತ್ತಿದ್ದೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕುಳಿತೇ ಮಾತನಾಡುತ್ತಾರೆ, ವೇಷವಿಲ್ಲ, ಹೆಜ್ಜೆಯಿಲ್ಲ. ಕೇಳುವವರಿಗೆ ಮುಖ್ಯವಾದುದು ಭಾಗವತರ ಪದ ಮತ್ತು ಮಾತಿನ ಸ್ಪಷ್ಟತೆ. ಆದ್ದರಿಂದ ಚಿತ್ರವನ್ನು ಇಳಿಸಿದರೂ ಧ್ವನಿಯನ್ನು ಇಳಿಸಬೇಡಿ. ಸ್ಟೀರಿಯೊ ಧ್ವನಿಗೆ ಶಿಫಾರಸು ಮಾಡಿರುವ 384 ಕೆಬಿಪಿಎಸ್ ಉಳಿಸಿಕೊಂಡರೂ ಫೈಲಿಗೆ ಸೇರುವುದು ನೂರಹದಿನೈದು ಎಂ.ಬಿ. ಮಾತ್ರ. ಚಂಡೆಯ ಪೆಟ್ಟು ಬಿದ್ದಾಗ ಧ್ವನಿ ಒಡೆದಂತೆ ಕೇಳಿಸುವ ಎಷ್ಟೋ ವಿಡಿಯೊಗಳನ್ನು ಕೇಳಿ ನೊಂದವನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಂಪ್ಯೂಟರ್ ಇದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಹೀಗೆ ಪರಿವರ್ತಿಸಿಕೊಳ್ಳಬಹುದು. ಇಲ್ಲವಾದರೆ ಮೊಬೈಲ್‌ನ ಯಾವುದಾದರೂ ವಿಡಿಯೊ ಎಡಿಟರ್‌ನಲ್ಲಿ 720ಪಿ ಆಯ್ದು, ಎಂಪಿ4 ರೂಪದಲ್ಲಿ ಉಳಿಸಿಕೊಳ್ಳಿ. ಮೂಲ ಫೈಲನ್ನು ದಯವಿಟ್ಟು ಅಳಿಸಬೇಡಿ. ಅದೇ ಅರ್ಥಧಾರಿಗಳು ಅದೇ ಪ್ರಸಂಗಕ್ಕೆ ಮತ್ತೊಮ್ಮೆ ಕುಳಿತರೂ ಅದೇ ಮಾತು ಬರುವುದಿಲ್ಲ.

ಅಪ್‌ಲೋಡ್ ಆರಂಭಿಸುವ ಮೊದಲು ಚಾನೆಲ್ ಅನ್ನು ಫೋನ್ ಸಂಖ್ಯೆಯಿಂದ ದೃಢೀಕರಿಸಿದ್ದೀರಾ ಎಂದು ನೋಡಿಕೊಳ್ಳಿ. ದೃಢೀಕರಿಸದ ಚಾನೆಲ್‌ಗೆ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಲು ಅವಕಾಶವಿಲ್ಲ. ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ಕೊಟ್ಟರೆ ಈ ಮಿತಿ 12 ಗಂಟೆಗೆ ಏರುತ್ತದೆ. ಇದನ್ನು ಮಾಡದಿದ್ದರೆ ಇಷ್ಟೆಲ್ಲ ಡೇಟಾ ಖರ್ಚಾದ ಮೇಲೂ ವಿಡಿಯೊ ತಿರಸ್ಕೃತವಾಗಬಹುದು.

ವಿಡಿಯೊ ಸರಾಗವಾಗಿ ಓಡುತ್ತದೆ ಎಂಬ ಕಾರಣಕ್ಕೆ ಅಷ್ಟೇ ವೇಗದಲ್ಲಿ ಅಪ್‌ಲೋಡ್ ಆಗುತ್ತದೆ ಎಂದು ಎಣಿಸಬಾರದು. ಮೊಬೈಲ್ ಜಾಲದಲ್ಲಿ ಬರುವ ದಾರಿ ಅಗಲ, ಹೋಗುವ ದಾರಿ ಕಿರಿದು. ಕಳುಹಿಸುವ ವೇಗ 2 ಎಂಬಿಪಿಎಸ್ ಸಿಕ್ಕರೆ, ಧ್ವನಿಯೂ ಸೇರಿ 1.6 ಜಿ.ಬಿ. ಆಗುವ 720ಪಿ ಫೈಲು ಹೋಗಲು ಸುಮಾರು ಒಂದೂಮುಕ್ಕಾಲು ಗಂಟೆ ಬೇಕು. ಅಲ್ಲಿಯವರೆಗೆ ಮೊಬೈಲನ್ನು ಚಾರ್ಜಿಗೆ ಹಾಕಿ, ಬ್ಯಾಟರಿ ಸೇವರ್ ನಿಲ್ಲಿಸಿ, ಯೂಟ್ಯೂಬ್ ಆ್ಯಪ್ ಅನ್ನು ತೆರೆದೇ ಇಡಿ. ತೆರೆಯ ಹಿಂದೆ ಓಡುವ ಆ್ಯಪ್‌ಗಳನ್ನು ಹಲವು ಮೊಬೈಲ್‌ಗಳು ತಾವಾಗಿಯೇ ಮುಚ್ಚಿಬಿಡುತ್ತವೆ. ಆ ದಿನ ಬೇರೆ ಯಾವುದಕ್ಕೂ ಡೇಟಾ ಬಳಸಬೇಡಿ. 1080ಪಿ ಬೇಕೇ ಬೇಕು ಎಂದು ಸಂಘದವರು ಹೇಳಿದರೆ, ಡೇಟಾ ಮಧ್ಯರಾತ್ರಿ ಹೊಸದಾಗುವ ಪ್ಯಾಕ್ ನಿಮ್ಮದಾಗಿದ್ದಲ್ಲಿ, ರಾತ್ರಿ ಹತ್ತರ ಸುಮಾರಿಗೆ ಆರಂಭಿಸಿ. ಎರಡು ದಿನಗಳ ಪಾಲು ಒಂದೇ ಫೈಲಿಗೆ ಒದಗುತ್ತದೆ.

ಪ್ರಶ್ನೆ: ಮಗಳ ಭರತನಾಟ್ಯದ ವಿಡಿಯೊ ಯೂಟ್ಯೂಬ್‌ಗೆ ಪೂರ್ತಿ ಏರಿತು, ಆದರೆ ಮಸುಕಾಗಿ ಕಾಣುತ್ತಿದೆ. ಅಳಿಸಿ ಮತ್ತೆ ಹಾಕಲೇ?
– ಓದುಗರೊಬ್ಬರು, ಮೈಸೂರು

ಉತ್ತರ: ಈಗಲೇ ಅಳಿಸಬೇಡಿ. ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ ಪ್ರತಿಯನ್ನು ಸಿದ್ಧಪಡಿಸಿ ತೋರಿಸುತ್ತದೆ. ಹೆಚ್ಚಿನ ಗುಣಮಟ್ಟದ ಪ್ರತಿಗಳು ಆಮೇಲೆ ಬರುತ್ತವೆ, ಉದ್ದದ ವಿಡಿಯೊ ಆದರೆ ಕೆಲವು ಗಂಟೆಗಳೇ ಹಿಡಿಯಬಹುದು. ಅಲ್ಲಿಯವರೆಗೆ ವಿಡಿಯೊವನ್ನು ಪ್ರೈವೇಟ್ ಆಗಿಟ್ಟು, ಸೆಟ್ಟಿಂಗ್ಸ್‌ನ ಕ್ವಾಲಿಟಿ ಪಟ್ಟಿಯಲ್ಲಿ 1080ಪಿ ಕಾಣಿಸಿದ ಮೇಲೆ ಸಾರ್ವಜನಿಕಗೊಳಿಸಿ. ಮರುದಿನವೂ ಮಸುಕಾಗಿಯೇ ಇದ್ದರೆ ನಿಮ್ಮ ಬಳಿ ಇರುವ ಫೈಲೇ ಕುಗ್ಗಿರಬೇಕು. ಛಾಯಾಗ್ರಾಹಕರು ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊ ಆಗಿ ಕಳುಹಿಸಿದ್ದರೆ ಹಾಗಾಗುತ್ತದೆ. 2 ಜಿ.ಬಿ.ಯೊಳಗಿನ ಫೈಲಾದರೆ ಅದನ್ನೇ ಡಾಕ್ಯುಮೆಂಟ್ ಆಗಿ ಮತ್ತೊಮ್ಮೆ ಕಳುಹಿಸಲು ಅವರನ್ನು ಕೇಳಿಕೊಳ್ಳಿ.