ಮುತ್ಯಾ ಹೇಳಿದ ನದಿ ದಂಡೆಯ ಕಥೆ ಖರೆನಾ?

ಪ್ರಶ್ನೆ: ನಮ್ಮ ಮುತ್ಯಾ ನೌಕಾಪಡೆಯ ಮುಳುಗುಗಾರ. 1971ರಾಗ ಒಂದು ನದಿ ದಂಡಿ ಮ್ಯಾಲೆ ಬಂಗಾಳಿ ಹುಡುಗರಿಗೆ ಹಡಗು ಸಿಡಿಸೋದು ಕಲಿಸೀನಿ ಅಂತಿದ್ದರು. ಊರಾಗ ಯಾರೂ ನಂಬಲಿಲ್ಲ. ಈಗ ಅವರಿಲ್ಲ. ಇದು ಖರೆ ಏನ್ರಿ?
– ಓದುಗ, ಆಳಂದ, ಕಲಬುರಗಿ ಜಿಲ್ಲೆ

ಉತ್ತರ: ಅಂಥ ಶಿಬಿರ ಖಂಡಿತ ಇತ್ತು ತಮ್ಮಾ. ನಾನೂ ನೌಕಾಪಡೆಯಲ್ಲಿ ದುಡಿದವನು. ನಿಮ್ಮ ಪತ್ರ ಓದಿ ಎದೆ ತುಂಬಿತು.

ಪಶ್ಚಿಮ ಬಂಗಾಳದ ಪ್ಲಾಸಿಯಲ್ಲಿ, ಭಾಗೀರಥಿ ದಂಡೆಯ ಮೇಲೆ, ನಮ್ಮ ನೌಕಾಪಡೆ ಮುಕ್ತಿ ಬಾಹಿನಿಯ, ಅಂದರೆ ಬಾಂಗ್ಲಾದೇಶದ ಬಿಡುಗಡೆಗೆ ಹೋರಾಡಿದ ಪಡೆಯ, ಯುವಕರಿಗೆ ಗುಟ್ಟಾಗಿ ತರಬೇತಿ ಕೊಟ್ಟಿತು. ಹಲವರು ವಿದ್ಯಾರ್ಥಿಗಳು, ನದಿಯಲ್ಲೇ ಆಡಿ ಬೆಳೆದವರು. ಎದೆಗೆ ಲಿಂಪೆಟ್ ಮೈನ್ (ಹಡಗಿಗೆ ಅಂಟಿಕೊಳ್ಳುವ ಸಿಡಿಗುಂಡು) ಕಟ್ಟಿಕೊಂಡು ಕತ್ತಲಲ್ಲಿ ಸದ್ದಿಲ್ಲದೆ ಈಜಬೇಕು, ಮುಳುಗಿ ಹಡಗಿನ ತಳಕ್ಕೆ ಅದನ್ನು ಅಂಟಿಸಬೇಕು, ಸಿಡಿಯುವ ಮೊದಲೇ ದೂರ ಸರಿಯಬೇಕು. ಆ ಹುಡುಗರ ಧೈರ್ಯಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಆಗಸ್ಟ್ 15ರ ನಡುರಾತ್ರಿ ಆಗಿನ ಪೂರ್ವ ಪಾಕಿಸ್ತಾನದ ಚಿತ್ತಗಾಂಗ್, ಮೊಂಗ್ಲಾ, ಚಾಂದಪುರ, ನಾರಾಯಣಗಂಜ್ ಬಂದರುಗಳ ಮೇಲೆ ದಾಳಿಯಾಯಿತು. ಹೊರಡುವ ಸೂಚನೆ ಬಂದದ್ದು ಆಕಾಶವಾಣಿಯ ಕಲ್ಕತ್ತಾ ಕೇಂದ್ರದ ಹಾಡುಗಳಿಂದ! ಪಾಕಿಸ್ತಾನದ ಜೊತೆಗಿನ ಡಿಸೆಂಬರ್ ಯುದ್ಧಕ್ಕೆ ಇನ್ನೂ ತಿಂಗಳುಗಳಿದ್ದವು. ಆಗ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಊರವರಿಗೆ ಹೇಗೆ ತಿಳಿಯಬೇಕು?

ಮುತ್ಯಾರ ಪೆಟ್ಟಿಗೆಯಲ್ಲಿ ಪೂರ್ವೀ ಸ್ಟಾರ್ ಪದಕ ಇದೆಯೇ ನೋಡಿ. ಪೂರ್ವ ರಂಗದಲ್ಲಿ ಸೇವೆ ಮಾಡಿದವರಿಗೆ ಕೊಟ್ಟದ್ದು ಅದು. ಪದಕವೊಂದರಿಂದಲೇ ಪ್ಲಾಸಿ ಸಾಬೀತಾಗದು. ಸೇವಾ ಸಂಖ್ಯೆ ಬರೆದು, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಮುಂಬೈನಲ್ಲಿರುವ ನಾವಿಕರ ದಾಖಲೆ ಕಚೇರಿಗೆ ಅರ್ಜಿ ಹಾಕಿ. ಅಜ್ಜಿ ಇದ್ದರೆ ಅವರ ಸಹಿಯಿಂದಲೇ ಕಳಿಸಿ.