ಲಿನಕ್ಸ್ ಹಾಕಿದ ಟ್ಯಾಬಿಗೆ ವೈಫೈ ಬರ್ತಿಲ್ಲವೇ? ಚಿಪ್ ಸತ್ತಿದೆ ಅಂತ ಹೇಳಿದ್ದು ಯಾರು?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಲ್ಲಿಸಿತು. ಅವತ್ತಿನಿಂದ ಬೀರುವಿನಲ್ಲಿ ಮಲಗಿದ್ದ ಹಳೇ 8 ಇಂಚಿನ ಟ್ಯಾಬ್‌ಗಳೆಲ್ಲ ಎದ್ದು ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳಲು ಹಾಸನದ ನನ್ನ ಅಂಗಡಿ ಕಡೆ ಹೊರಟಿವೆ. ಬರಲಾಗದವರು ಪತ್ರ ಬರೆಯುತ್ತಾರೆ. ಹತ್ತು ಪತ್ರ ಬಂದರೆ ಏಳರಲ್ಲಿ ಒಂದೇ ಸಾಲು: "ಲಿನಕ್ಸ್ ಹಾಕಿದೆ, ವೈಫೈ ಬರ್ತಿಲ್ಲ." ಡಾಕ್ಟರಿಗೆ ಫೋನ್ ಮಾಡಿ "ಹುಷಾರಿಲ್ಲ" ಅಂತ ಹೇಳಿ ಇಟ್ಟುಬಿಟ್ಟ ಹಾಗೆ. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೇ ಜಾಸ್ತಿ ಜಾಗ. ಪೆನ್‌ಡ್ರೈವ್ ತಯಾರಿಸುವುದು, ಪಾಸ್‌ವರ್ಡ್ ಇಡುವುದು ಇದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಅರಸೀಕೆರೆಯಿಂದ ಒಬ್ಬ ವಿದ್ಯಾರ್ಥಿ: ಎಲ್ಲಕ್ಕಿಂತ ಒಳ್ಳೇ ಲಿನಕ್ಸ್ ಯಾವುದು?

ನಿಮ್ಮ ಹತ್ತಿರದ ಗೆಳೆಯನಿಗೆ ಗೊತ್ತಿರುವುದು.

ಹೊಳೆನರಸೀಪುರದಿಂದ: ಕಾಲಿ ಲಿನಕ್ಸ್ (ಭದ್ರತೆ ಪರೀಕ್ಷಿಸುವವರ ಲಿನಕ್ಸ್) ಹಾಕಿದರೆ ಪಕ್ಕದ ಮನೆ ವೈಫೈ ಸಿಗುತ್ತಾ?

ಐಟಿ ಕಾಯ್ದೆಯ 66ನೇ ಸೆಕ್ಷನ್ ಸಿಗುತ್ತದೆ. 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪಕ್ಕದ ಮನೆಯವರ ಹತ್ತಿರ ಪಾಸ್‌ವರ್ಡ್ ಕೇಳಿ, ಕೊಟ್ಟರೂ ಕೊಡಬಹುದು.

ಸಕಲೇಶಪುರದ ಹಾನುಬಾಳು ಕಡೆಯಿಂದ ಒಬ್ಬ ತೋಟದ ಮಾಲೀಕರು: ಸರ್, 2015ರಲ್ಲಿ ತಗೊಂಡ 8 ಇಂಚಿನ ಟ್ಯಾಬ್. 2 ಜಿಬಿ ರಾಮ್, 32 ಜಿಬಿ ಸ್ಟೋರೇಜ್. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಮತ್ತು ದಿನದ ಮಳೆ ಲೆಕ್ಕ ಬರೆಯಲಿ ಅಂತ ನನ್ನ ಅಣ್ಣನ ಮಗನ ಕೈಲಿ ಲಿನಕ್ಸ್ ಹಾಕಿಸಿದೆ. ಮೊದಲು ಪೆನ್‌ಡ್ರೈವನ್ನೇ ತೋರಿಸಲಿಲ್ಲ. ಹೇಗೋ ವಿಂಡೋಸ್ ಪೂರ್ತಿ ಒರೆಸಿ ಹಾಕಿದ. ಈಗ 'ವೈಫೈ ಅಡಾಪ್ಟರ್ ಇಲ್ಲ' ಅನ್ನುತ್ತದೆ. ಎಲ್‌ಎಸ್‌ಪಿಸಿಐ, ಎಲ್‌ಎಸ್‌ಯುಎಸ್‌ಬಿ (ಯಂತ್ರದ ಭಾಗಗಳ ಪಟ್ಟಿ ತೋರಿಸುವ ಕಮಾಂಡ್‌ಗಳು) ಎರಡರಲ್ಲೂ ವೈಫೈ ಹೆಸರೇ ಇಲ್ಲ. ಪೇಟೆಯ ಅಂಗಡಿಯವರು ಚಿಪ್ ಹೋಗಿದೆ, ಬೋರ್ಡ್ ಬದಲಿಸಬೇಕು, 4,500 ರೂಪಾಯಿ ಅಂದರು. ಮಾಡಿಸಲಾ? ಬೇರೆ ದಾರಿ ಇದ್ದರೆ ಕಮಾಂಡ್ ಪೂರ್ತಿ ಬರೆದುಕೊಡಿ.

ಮಾಡಿಸಬೇಡಿ. (ಪತ್ರ 'ಸರ್' ಅಂತ ಶುರುವಾಗಿದೆ. ನಾನು ಮೇಡಂ. ಪ್ರತಿ ಸಲ ಹೇಳಿ ಸಾಕಾಗಿದೆ.)

ವಿಂಡೋಸ್ ಇದ್ದಾಗ ನಿನ್ನೆ ಸಂಜೆವರೆಗೆ ನಡೆದ ಚಿಪ್, ಲಿನಕ್ಸ್ ಹಾಕಿದ ರಾತ್ರಿಯೇ ಸಾಯುತ್ತಾ? ಅಂಗಡಿಯವರು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಇದು. ಅವರೂ ನೀವು ನೋಡಿದ ಆ ಎರಡು ಪಟ್ಟಿಯನ್ನೇ ನೋಡಿರುತ್ತಾರೆ. ಅಲ್ಲಿ ಹೆಸರಿಲ್ಲ, ಆದ್ದರಿಂದ ಚಿಪ್ ಇಲ್ಲ ಅಂತ ತೀರ್ಮಾನ. ಆದರೆ ಇಂಥ ಅಗ್ಗದ ಟ್ಯಾಬ್‌ಗಳಲ್ಲಿ ವೈಫೈ ಚಿಪ್ ಕೂತಿರುವುದು ಪಿಸಿಐ ಮೇಲೂ ಅಲ್ಲ, ಯುಎಸ್‌ಬಿ ಮೇಲೂ ಅಲ್ಲ. ಎಸ್‌ಡಿಐಓ ಅಂತ ಇನ್ನೊಂದು ದಾರಿ ಇದೆ, ಮೆಮೊರಿ ಕಾರ್ಡಿನ ದಾರಿಗೆ ದಾಯಾದಿ. ಚಿಪ್ ಆ ದಾರಿಯಲ್ಲಿದೆ. ಬೇಲೂರು ಬಸ್ಸಿನಲ್ಲಿ ಬಂದವರನ್ನು ಅರಕಲಗೂಡು ಬಸ್ಸಿನಲ್ಲಿ ಹುಡುಕಿದರೆ ಸಿಗುತ್ತಾರಾ?

ಎಲ್ಲಿ ಹುಡುಕಬೇಕು ಅಂದರೆ, ಸಿಸ್ ಫೋಲ್ಡರಿನೊಳಗೆ ಬಸ್, ಅದರೊಳಗೆ ಎಸ್‌ಡಿಐಓ, ಅದರೊಳಗೆ ಡಿವೈಸಸ್. ಅಲ್ಲಿ ಏನಾದರೂ ಇದ್ದರೆ ಚಿಪ್ ಬದುಕಿದೆ. ಒಳಗಿನ ಯುಇವೆಂಟ್ ಫೈಲ್ ತೆರೆದರೆ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. 024ಸಿ ಅಂತ ಶುರುವಾದರೆ ರಿಯಲ್‌ಟೆಕ್. 02ಡಿ0 ಅಂತ ಶುರುವಾದರೆ ಬ್ರಾಡ್‌ಕಾಮ್. ಇಷ್ಟು ತಿಳಿಯದೆ ಯಾವ ವಿಡಿಯೋ ನೋಡಿಯೂ ಏನೂ ಮಾಡಬೇಡಿ. ಕಮಾಂಡ್ ಪೂರ್ತಿ ಬರೆದುಕೊಡಿ ಅಂತ ಕೇಳಿದ್ದೀರಿ. ಕೊಡುವುದಿಲ್ಲ. ಕೊಟ್ಟರೆ ಓದದೆ ಅಂಟಿಸುತ್ತೀರಿ. ಅಣ್ಣನ ಮಗನಿಗೆ ಈ ಹೆಸರುಗಳು ಸಾಕು.

ರಿಯಲ್‌ಟೆಕ್ ಅಂತ ಬಂದರೆ ಅದು ಬಹುಶಃ ಆರ್‌ಟಿಎಲ್ 8723ಬಿಎಸ್. ನಿಮ್ಮ ಕೆಲಸ ಸುಲಭ. ಇದರ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) 2017ರ ಜುಲೈಯಲ್ಲಿ ಬಂದ 4.12 ಕರ್ನಲ್‌ನಿಂದಲೇ ಲಿನಕ್ಸ್ ಒಳಗಿದೆ. ಕರ್ನಲ್ ಅಂದರೆ ಲಿನಕ್ಸಿನ ತಿರುಳು. ಅದಕ್ಕೂ ಮೊದಲು ಸೋರ್ಸ್ ತಂದು ಕಂಪೈಲ್ ಮಾಡಬೇಕಿತ್ತು, ನಾನೂ ಮಾಡಿದ್ದೇನೆ, ಒಂದೊಂದು ಟ್ಯಾಬಿಗೆ ಅರ್ಧ ದಿನ ಹೋಗುತ್ತಿತ್ತು. ಆ ಕಾಲದ ವಿಡಿಯೋಗಳು ಇನ್ನೂ ಓಡಾಡುತ್ತಿವೆ. ಈಗ ಡ್ರೈವರ್ ಇದೆ, ಅದಕ್ಕೆ ಬೇಕಾದ, ಚಿಪ್ಪಿನೊಳಗೇ ಓಡುವ ಫರ್ಮ್‌ವೇರ್ ಫೈಲ್ ಮಾತ್ರ ಇಲ್ಲದಿರಬಹುದು. ಡೆಬಿಯನ್ ಅನ್ನುವ ಲಿನಕ್ಸ್ 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಈ ಫರ್ಮ್‌ವೇರನ್ನು ಇನ್‌ಸ್ಟಾಲರ್ ಜೊತೆಗೇ ಕೊಡುತ್ತಿದೆ. ಅದಕ್ಕಿಂತ ಹಳೇದು ಹಾಕಿದ್ದರೆ ತೆಗೆದು ಹೊಸದು ಹಾಕಿ. ವಾದ ಬೇಡ.

ಬ್ರಾಡ್‌ಕಾಮ್ ಅಂತ ಬಂದರೆ ಸ್ವಲ್ಪ ಕೂತು ಓದಿ. ಇಲ್ಲಿ ಮೂರು ಬೇಕು: ಡ್ರೈವರ್, ಫರ್ಮ್‌ವೇರ್, ಮತ್ತು ಎನ್‌ವಿರಾಮ್ ಅನ್ನುವ ಪುಟ್ಟ ಟೆಕ್ಸ್ಟ್ ಫೈಲ್. ಮೊದಲೆರಡು ಲಿನಕ್ಸ್ ಜೊತೆ ಬರುತ್ತವೆ. ಮೂರನೆಯದು ನಿಮ್ಮ ಟ್ಯಾಬಿನ ಜಾತಕ ಇದ್ದ ಹಾಗೆ. ಆ ಬೋರ್ಡಿನ ಆಂಟೆನಾ ಹೇಗಿದೆ, ಎಷ್ಟು ಪವರ್ ಕೊಡಬೇಕು, ಗಡಿಯಾರದ ಹರಳು ಯಾವುದು, ಇದೆಲ್ಲ ಅದರಲ್ಲಿರುತ್ತದೆ. ಇದು ಬೋರ್ಡಿಂದ ಬೋರ್ಡಿಗೆ ಬೇರೆ. ಅದಿಲ್ಲದೆ ಡ್ರೈವರ್ ಚಿಪ್ಪನ್ನು ಎಬ್ಬಿಸುವುದಿಲ್ಲ. ಡಿಎಂಇಎಸ್‌ಜಿ (ಕರ್ನಲ್ ಬರೆದಿಡುವ ದಿನಚರಿ) ತೆರೆದು ನೋಡಿ. ಕೊನೆಗೆ ಎನ್‌ವಿರಾಮ್ ಟೆಕ್ಸ್ಟ್ ಫೈಲಿನ ಹೆಸರು, ಅದರ ಪಕ್ಕ ಎರರ್ -2 ಅಂತ ಬಂದಿರುತ್ತದೆ. ಮೈನಸ್ ಎರಡು ಅಂದರೆ 'ಫೈಲ್ ಸಿಗಲಿಲ್ಲ' ಅಂತ ಅಷ್ಟೇ. ಆ ಒಂದು ಸಾಲು ಓದದೆ 4,500 ರೂಪಾಯಿ ಹೇಳುವವರಿಗೆ ಏನನ್ನೋಣ? ಅದೇ ಜಾಗದಲ್ಲಿ ಸಿಎಲ್‌ಎಂ ಬ್ಲಾಬ್ (ಯಾವ ದೇಶದಲ್ಲಿ ಯಾವ ಚಾನೆಲ್ ಅಂತ ಹೇಳುವ ಫೈಲ್) ಇಲ್ಲ ಅನ್ನುವ ಗೊಣಗಾಟವೂ ಇರಬಹುದು. ಅದನ್ನು ಬಿಟ್ಟುಬಿಡಿ, ಕೆಲವು ಚಾನೆಲ್ ಕಮ್ಮಿ ಸಿಕ್ಕಾವು, ಕೆಲಸ ನಡೆಯುತ್ತದೆ.

ಆ ಜಾತಕ ಎಲ್ಲಿಂದ ತರುವುದು? ಎರಡು ಕಡೆ ನೋಡಿ. ಒಂದು, ಟ್ಯಾಬಿನ ಯುಇಎಫ್‌ಐ (ಆನ್ ಮಾಡಿದ ಕೂಡಲೇ ಓಡುವ ಮೂಲ ತಂತ್ರಾಂಶ, ಹಳೇ ಬಯೋಸ್‌ನ ಜಾಗಕ್ಕೆ ಬಂದದ್ದು) ಒಳಗೆ. ಕೆಲವು ಟ್ಯಾಬ್‌ಗಳಲ್ಲಿ ಕಂಪನಿಯವರೇ ಅಲ್ಲಿ ಎನ್‌ವಿರಾಮ್ ಅನ್ನುವ ಹೆಸರಿನಲ್ಲಿ ಇಟ್ಟಿರುತ್ತಾರೆ, ಇಎಫ್‌ಐ ವೇರ್ಸ್ ಫೋಲ್ಡರಿನಲ್ಲಿ ಕಾಣುತ್ತದೆ. ಹೊಸ ಕರ್ನಲ್‌ಗಳು ತಾವೇ ಅಲ್ಲಿಂದ ಓದಿಕೊಳ್ಳುತ್ತವೆ. ಹಳೇ ಕರ್ನಲ್ ಆದರೆ ನೀವೇ ನಕಲು ತೆಗೆದು, ಡಿಎಂಇಎಸ್‌ಜಿ ಕೇಳಿದ ಹೆಸರನ್ನೇ ಕೊಟ್ಟು, ಫರ್ಮ್‌ವೇರ್ ಫೋಲ್ಡರಿನ ಬಿಆರ್‌ಸಿಎಂ ಒಳಗೆ ಇಡಿ. ಹೆಸರಲ್ಲಿ ಒಂದು ಅಕ್ಷರ ತಪ್ಪಿದರೂ ಮತ್ತೆ ಮೈನಸ್ ಎರಡು. ಇಲ್ಲಿ ನನ್ನ ಒಂದು ಎಚ್ಚರಿಕೆ: ಇಎಫ್‌ಐ ವೇರ್ಸ್ ಫೋಲ್ಡರಿನಿಂದ ನಕಲು ಮಾತ್ರ ತೆಗೆಯಿರಿ. ಜಾಗ ಖಾಲಿ ಮಾಡೋಣ ಅಂತ ಅಲ್ಲಿ ಏನನ್ನೂ ಅಳಿಸಬೇಡಿ. ಆ ಫೋಲ್ಡರ್ ಅಳಿಸಿ ಕೆಲವು ಯಂತ್ರಗಳು ಮತ್ತೆ ಆನ್ ಆಗದೇ ಹೋದದ್ದು 2016ರಲ್ಲಿ ದೊಡ್ಡ ಗಲಾಟೆಯಾಗಿತ್ತು. ಆಮೇಲೆ ಕರ್ನಲ್‌ನಲ್ಲಿ ಅದಕ್ಕೊಂದು ಬೀಗ ಹಾಕಿದರು. ಬೀಗ ಇದೆ ಅಂತ ಒದ್ದು ನೋಡಬೇಕಾ?

ಎರಡನೆಯ ಜಾಗ, ಹಳೇ ವಿಂಡೋಸಿನ ಡ್ರೈವರ್ಸ್ ಫೋಲ್ಡರ್. ನೀವು ವಿಂಡೋಸ್ ಪೂರ್ತಿ ಒರೆಸಿದ್ದೀರಿ, ಆದ್ದರಿಂದ ನಿಮಗೆ ಈ ದಾರಿ ಮುಚ್ಚಿದೆ. ಇದನ್ನು ಓದುತ್ತಿರುವ ಉಳಿದವರಿಗೆ ಹೇಳುತ್ತೇನೆ: ಒರೆಸುವ ಮುನ್ನ ಆ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಎತ್ತಿಡಿ. ವೈಫೈಗೆ ಮಾತ್ರ ಅಲ್ಲ, ಈ ಟ್ಯಾಬ್‌ಗಳಲ್ಲಿ ಕೆಲವು ಟಚ್ ಸ್ಕ್ರೀನ್‌ಗಳ ಫರ್ಮ್‌ವೇರ್ ಕೂಡ ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ, ಅದೂ ಅಲ್ಲೇ ಇರುತ್ತದೆ. ಎರಡೂ ಕಡೆ ಸಿಗದಿದ್ದರೆ ಅದೇ ಮಾಡೆಲ್ ಇರುವವರ ಹತ್ತಿರ ಕೇಳಿ. ಬೇರೆ ಮಾಡೆಲ್ಲಿನ ಫೈಲ್ ಹಾಕಿದರೂ ಕೆಲವೊಮ್ಮೆ ವೈಫೈ ಎದ್ದುಬಿಡುತ್ತದೆ, ಆದರೆ ಸಿಗ್ನಲ್ ರೌಟರ್ ಇರುವ ಕೋಣೆ ದಾಟುವುದಿಲ್ಲ. ನಾನಂತೂ ಹಾಕುವುದಿಲ್ಲ.

ಇನ್ನು ವೈಫೈ ಇಲ್ಲದ ಟ್ಯಾಬಿಗೆ ಇದನ್ನೆಲ್ಲ ಇಳಿಸುವುದು ಹೇಗೆ ಅಂತ ಅಣ್ಣನ ಮಗ ಕೇಳುತ್ತಾನೆ. ಫೋನನ್ನು ಓಟಿಜಿ ಕೇಬಲ್ಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಡ್ರೈವರ್ ಗೀವರ್ ಏನೂ ಬೇಡ, ತಂತಿ ನೆಟ್‌ವರ್ಕ್ ಅಂತಲೇ ಬರುತ್ತದೆ. ಫೋನಿನ ಡೇಟಾ ಖರ್ಚಾಗುತ್ತೆ, ಆಗಲಿ. ಈ ಟ್ಯಾಬ್‌ಗಳಲ್ಲಿ ಇರುವುದೇ ಒಂದು ತೂತು, ಚಾರ್ಜಿಗೂ ಅದೇ. ಆದ್ದರಿಂದ ಮೊದಲು ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಕೆಲಸಕ್ಕೆ ಕೂರಿ. ಮಳೆಗಾಲದಲ್ಲಿ ಹಾನುಬಾಳಿನ ಕರೆಂಟ್ ನಂಬಿ ಕೂತರೆ ಅರ್ಧಕ್ಕೆ ನಿಂತ ಇನ್‌ಸ್ಟಾಲ್ ಸಿಗುತ್ತದೆ. ಚಾರ್ಜಿಗೆ ಹಾಕುವ ಮುನ್ನ ಟ್ಯಾಬನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡಿ. ಬೆನ್ನು ಉಬ್ಬಿ ಅಲ್ಲಾಡಿದರೆ ಬ್ಯಾಟರಿ ಊದಿಕೊಂಡಿದೆ. ಅಲ್ಲಿಗೇ ಬಿಡಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ನನ್ನ ಅಂಗಡಿಗೆ ಬಸ್ಸಿನಲ್ಲಿ ತರಲೂಬೇಡಿ.

ಇನ್ನೊಂದು ಸಣ್ಣ ಸಂಗತಿ ಎಲ್ಲರನ್ನೂ ಸುಸ್ತು ಮಾಡುತ್ತದೆ. ವರ್ಷಗಟ್ಟಲೆ ಮಲಗಿದ್ದ ಟ್ಯಾಬಿನ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. 2015ರ ತಾರೀಖು ತೋರಿಸುವ ಯಂತ್ರಕ್ಕೆ ಇವತ್ತಿನ ಸೆಕ್ಯೂರಿಟಿ ಸರ್ಟಿಫಿಕೇಟ್ ಎಲ್ಲ ಇನ್ನೂ ಹುಟ್ಟದ ಮಗುವಿನ ಹಾಗೆ. ನೆಟ್ ಬಂದರೂ ಪೇಜ್ ತೆರೆಯಲ್ಲ, ಅಪ್‌ಡೇಟ್ ಆಗಲ್ಲ. ವೈಫೈಯನ್ನೇ ಬೈಯುತ್ತಾ ಕೂರುತ್ತೀರಿ. ಮೊದಲು ತಾರೀಖು ಸರಿ ಮಾಡಿ.

ಪೆನ್‌ಡ್ರೈವ್ ಯಾಕೆ ತೋರಿಸಲಿಲ್ಲ ಅನ್ನುವುದಕ್ಕೂ ಉತ್ತರ ಇದೆ. ಈ ಟ್ಯಾಬ್‌ಗಳ ಆಟಮ್ ಪ್ರೊಸೆಸರ್ 64 ಬಿಟ್, ಯುಇಎಫ್‌ಐ ಮಾತ್ರ 32 ಬಿಟ್. ಮನೆ ದೊಡ್ಡದು, ಬಾಗಿಲು ಚಿಕ್ಕದು. ಪೆನ್‌ಡ್ರೈವಿನ ಇಎಫ್‌ಐ ಬೂಟ್ ಫೋಲ್ಡರಿನಲ್ಲಿ ಬೂಟ್‌ಐಎ32 ಅನ್ನುವ ಫೈಲ್ ಇರಬೇಕು, ಇಲ್ಲದಿದ್ದರೆ ಟ್ಯಾಬ್ ಆ ಪೆನ್‌ಡ್ರೈವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಡೆಬಿಯನ್ 2015ರ 8ನೇ ಆವೃತ್ತಿಯಲ್ಲೇ ಇಂಥ ಬೆರಕೆ ಯಂತ್ರಗಳಿಗೆ ಇನ್‌ಸ್ಟಾಲರ್ ಕೊಟ್ಟಿತ್ತು. ಇದಕ್ಕೆ ಬಯೋಸ್ ಫ್ಲಾಶ್ ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳುವವರಿದ್ದಾರೆ. ತಪ್ಪು ಬಯೋಸ್ ಹಾಕಿದ ಟ್ಯಾಬ್ ರೊಟ್ಟಿ ತಟ್ಟುವ ಹಲಗೆಗೂ ಸಾಲದು.

ಆಲೂರಿನಿಂದ: ನಮ್ಮದು 8723ಬಿಎಸ್ ಚಿಪ್. ವೈಫೈ ಬಂತು, ಆದರೆ ನಮ್ಮ ಮನೆಯ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ. ಪಕ್ಕದವರದ್ದೆಲ್ಲ ಇದೆ.

ನಿಮ್ಮ ರೌಟರ್ ಬಹುಶಃ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೂಗುತ್ತಿದೆ. 8723ಬಿಎಸ್ ಚಿಪ್ಪಿಗೆ ಕೇಳುವುದು 2.4 ಮಾತ್ರ. ರೌಟರಿನಲ್ಲಿ 2.4 ಆನ್ ಮಾಡಿ. ಅದು ಆನ್ ಇದ್ದೂ ಕಾಣದಿದ್ದರೆ ಚಾನೆಲ್ 12 ಅಥವಾ 13ರಲ್ಲಿದೆಯಾ ನೋಡಿ, 1, 6, 11ರಲ್ಲಿ ಒಂದಕ್ಕೆ ತನ್ನಿ. ಹತ್ತು ನಿಮಿಷಕ್ಕೊಮ್ಮೆ ಕಡಿದುಹೋಗುತ್ತದೆ ಅಂತ ಮುಂದಿನ ವಾರ ಬರೆಯುತ್ತೀರಿ, ಅದಕ್ಕೂ ಈಗಲೇ ಹೇಳಿಬಿಡುತ್ತೇನೆ: ನೆಟ್‌ವರ್ಕ್ ಮ್ಯಾನೇಜರ್ ಸೆಟ್ಟಿಂಗಿನಲ್ಲಿ ವೈಫೈ ಪವರ್‌ಸೇವ್ 3 ಅಂತಿದ್ದರೆ 2 ಮಾಡಿ.

ಹಾಸನದಿಂದಲೇ: ವೈಫೈ ಬೂಸ್ಟರ್ ಆಪ್ ಹಾಕಬಹುದಾ?

ಆಪ್ ಹಾಕಿದರೆ ಆಂಟೆನಾ ಉದ್ದ ಆಗಲ್ಲ.

ಚನ್ನರಾಯಪಟ್ಟಣದಿಂದ: ಹಳೇ ಆಂಡ್ರಾಯ್ಡ್ ಫೋನಿಗೂ ಲಿನಕ್ಸ್ ಹಾಕಬಹುದಾ?

ಫೋನಿಗೆ ಲಿನಕ್ಸ್ ಮಾಡುವ ಪೋಸ್ಟ್‌ಮಾರ್ಕೆಟ್ ಓಎಸ್‌ನವರ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಹುಡುಕಿ. ಇಲ್ಲದಿದ್ದರೆ ಇಲ್ಲ. 'ಹತ್ತಿರದ ಮಾಡೆಲ್' ಅಂತ ಒಂದು ಇಲ್ಲ.

ಬೇಲೂರಿನಿಂದ ಒಬ್ಬ ಮೇಷ್ಟ್ರು: ಲಿನಕ್ಸಿನಲ್ಲಿ ನುಡಿ ನಡೆಯುತ್ತಾ?

ಕೊನೆಗೂ ಒಂದು ಒಳ್ಳೇ ಪ್ರಶ್ನೆ. ನಿಮಗೆ ಬೇಕಿರುವುದು ನುಡಿಯ ಕೀಲಿಮಣೆ ಅಲ್ವಾ ಮೇಷ್ಟ್ರೇ? ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಜೊತೆ ಎಂ17ಎನ್ ಅನ್ನುವ ಕೀಲಿಮಣೆಗಳ ಕಟ್ಟು ಹಾಕಿ, ಅದರಲ್ಲಿ ಕನ್ನಡ ಕೆಜಿಪಿ ಆರಿಸಿ. ಕೆಜಿಪಿ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರೇ. ನಿಮ್ಮ ಬೆರಳಿಗೆ ಹೊಸದೇನೂ ಕಲಿಸಬೇಕಿಲ್ಲ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು ಮಾತ್ರ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತವೆ, ಅವು ಯೂನಿಕೋಡ್ ಅಲ್ಲ. ಒಂದು ಸಲ ಕೂತು ಪರಿವರ್ತಿಸಿ ಇಟ್ಟುಬಿಡಿ.

ಕೊನೆಯದು ಮತ್ತೆ ಹಾನುಬಾಳಿನಿಂದ, ಫೋನಿನಲ್ಲಿ. ಇಲ್ಲಿ ಅಚ್ಚಾಗುವ ಮೊದಲೇ ಉತ್ತರ ಕಳಿಸಿದ್ದೆ. ಮೈನಸ್ ಎರಡೇ ಬಂದಿತ್ತಂತೆ, ಎನ್‌ವಿರಾಮ್ ಯುಇಎಫ್‌ಐ ಒಳಗೇ ಸಿಕ್ಕಿತಂತೆ. ರೈಟರ್ ಈಗ ಮಳೆ ಲೆಕ್ಕವನ್ನು ಟ್ಯಾಬಿನಲ್ಲೇ ಬರೆಯುತ್ತಿದ್ದಾರೆ. ಮೊದಲ ದಿನದ ಲೆಕ್ಕ 2 ಇಂಚು 35 ಸೆಂಟ್ಸ್, ಅಂದರೆ 2.35 ಇಂಚು. "ಮೇಡಂ, ಎಲ್ಲಾ ಸರಿ, ಆದ್ರೆ ಸೌಂಡ್ ಬರ್ತಿಲ್ಲ" ಅಂದರು.

ಚೆಕ್‌ರೋಲಿಗೆ ಸೌಂಡ್ ಯಾಕೆ ಬೇಕು?