ಬೆಂಗಳೂರು–ಮಂಗಳೂರು ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ಬನಶಂಕರಿಯಿಂದ ಹೊರಟು ಉಡುಪಿಯಲ್ಲಿ 11 ಗಂಟೆಯ ಮುಹೂರ್ತಕ್ಕೆ ಬೆಳಗಿನ ವಿಮಾನ ಸಾಕಾ?

ಆಕಾಶದಲ್ಲಿ ಸುಮಾರು 300 ಕಿಲೋಮೀಟರ್. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಆದರೆ ಸಾಕಾಗುವುದಿಲ್ಲ. ಇದೇ ಲೆಕ್ಕ ಹಾಕಿ ನಾನು ಅಕ್ಕನ ಮಗಳ ಧಾರೆ ತಪ್ಪಿಸಿಕೊಂಡೆ. ಸೋದರಮಾವ ನಾನೊಬ್ಬನೇ, ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು.

ವಿಮಾನ ಬೆಳಿಗ್ಗೆ 7ಕ್ಕೆ. ಜೆ.ಪಿ. ನಗರದಿಂದ ದೇವನಹಳ್ಳಿ ಮುಟ್ಟುವಾಗ 6:12. ವೆಬ್ ಚೆಕ್‌ಇನ್ ಹಿಂದಿನ ದಿನವೇ ಮಾಡಿದ್ದೆ, ಸೀಟ್ ನಂಬರ್ ಮೊಬೈಲ್‌ನಲ್ಲಿತ್ತು, ಹಾಗಾಗಿ ಇನ್ನೂ ಮುಕ್ಕಾಲು ಗಂಟೆ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ತಪ್ಪಿದ್ದು ಇಲ್ಲೇ. ವೆಬ್ ಚೆಕ್‌ಇನ್ ಆಗುವುದು ನಮಗೆ, ಸೂಟ್‌ಕೇಸ್‌ಗಲ್ಲ. ಲಗೇಜ್ ಕೌಂಟರ್ ಹೊರಡುವ 60 ನಿಮಿಷ ಮುಂಚೆಯೇ ಮುಚ್ಚುತ್ತದೆ. ಅಂದರೆ ನನ್ನ ಪಾಲಿಗೆ ಆ ವಿಮಾನದ ಟೈಮ್ 7 ಅಲ್ಲ, 6. ಅದಕ್ಕೂ ಮುಂಚೆ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸುವ ಸಾಲು, ಆಮೇಲೆ ಕೌಂಟರಿನ ಸಾಲು, ಅಂದರೆ 5:30ಕ್ಕೇ ಅಲ್ಲಿರಬೇಕಿತ್ತು. ಕೈಬ್ಯಾಗ್ ಮಾತ್ರ ಇದ್ದಿದ್ದರೆ ನೇರ ಸೆಕ್ಯುರಿಟಿಗೆ ಹೋಗಿ ಗೇಟ್ ಹಿಡಿಯಬಹುದಿತ್ತು, ಗೇಟ್ ಮುಚ್ಚುವುದು 25 ನಿಮಿಷ ಮುಂಚೆ. ಆದರೆ ಮದುಮಗಳಿಗೆ ಕೊಡಬೇಕಾದ ಸೀರೆ, ಜೋಡಿ ಬೆಳ್ಳಿ ದೀಪ ಎಲ್ಲ ಆ ಸೂಟ್‌ಕೇಸ್‌ನಲ್ಲೇ ಇತ್ತು. ಬಿಟ್ಟು ಹೋಗುವ ಹಾಗಿಲ್ಲ, ಕೈಯಲ್ಲಿ ಒಯ್ಯೋಣ ಅಂದರೆ 7 ಕೆ.ಜಿ. ಮಿತಿ. ಕೌಂಟರಿನ ಹುಡುಗಿ ಪಾಪ ಮೇಲಿನವರನ್ನು ಕೇಳಿ ನೋಡಿದಳು. ಆಗಲಿಲ್ಲ.

ಮುಂದಿನ ವಿಮಾನದಲ್ಲಿ ಹೋಗಿ ಬಜ್ಪೆಯಲ್ಲಿ ಇಳಿದೆ. ಅಲ್ಲಿಂದ ಉಡುಪಿಗೆ ಮತ್ತೆ 50 ಕಿಲೋಮೀಟರ್‌ಗೂ ಜಾಸ್ತಿ. ಛತ್ರ ಮುಟ್ಟುವಾಗ ಎರಡನೇ ಪಂಕ್ತಿ ಊಟ ನಡೆದಿತ್ತು. ಮಂಟಪಕ್ಕೆ ಅವಳನ್ನು ಕರೆತಂದಿದ್ದು ನಮ್ಮ ಚಿಕ್ಕಪ್ಪನ ಮಗ. ಅಕ್ಕ ಏನೂ ಅನ್ನಲಿಲ್ಲ. ನನಗೆ ಇವತ್ತಿಗೂ ಬೇಜಾರಿದೆ.

ಆದ್ದರಿಂದ ನೀವು ಕಿಲೋಮೀಟರ್ ಕೇಳುವುದೇ ಸರಿಯಲ್ಲ. ಟಿಕೆಟ್‌ನ ಆ ಒಂದು ಗಂಟೆಯಲ್ಲಿ ವಿಮಾನ ಗೇಟ್ ಬಿಟ್ಟು ರನ್‌ವೇಗೆ ಹೋಗುವುದು, ಇಳಿದ ಮೇಲೆ ಬಂದು ನಿಲ್ಲುವುದು ಎಲ್ಲ ಸೇರಿದೆ, ಹಾರುವುದು ಅದಕ್ಕಿಂತಲೂ ಕಡಿಮೆ. ನಿಮ್ಮ ಹೊತ್ತು ಹೋಗುವುದು ನೆಲದ ಮೇಲೆ. ಬನಶಂಕರಿಯಿಂದ ಉಡುಪಿಯ ಛತ್ರದವರೆಗೆ ಆರು ಗಂಟೆ ಹಿಡಿಯಿರಿ. ಮಳೆಗಾಲವಾದರೆ ಆ ಲೆಕ್ಕವನ್ನೂ ನಂಬಬೇಡಿ. ಬಜ್ಪೆಯ ರನ್‌ವೇ ಗುಡ್ಡದ ತಲೆಯ ಮೇಲಿದೆ, ಮೋಡ ಕವಿದರೆ ವಿಮಾನ ಮೇಲೆಯೇ ಸುತ್ತುತ್ತದೆ, ಒಮ್ಮೊಮ್ಮೆ ಇಳಿಯಲಾಗದೆ ಬೆಂಗಳೂರಿಗೇ ವಾಪಸ್ ಬರುತ್ತದೆ.

ನನ್ನ ಮಾತು ಕೇಳುವುದಾದರೆ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಮಲಗಿ, ಬೆಳಗಿನ ಜಾವ ಉಡುಪಿ ಸ್ಟೇಷನ್‌ನಲ್ಲೇ ಇಳಿಸುತ್ತದೆ. ಟಿಕೆಟ್ ಸಿಗದಿದ್ದರೆ ಸ್ಲೀಪರ್ ಬಸ್ಸು ಬೇಕಾದಷ್ಟಿವೆ, ಶಿರಾಡಿ ಘಾಟ್ ತೆರೆದಿದೆಯಾ ಅಂತ ಮಾತ್ರ ವಿಚಾರಿಸಿಕೊಳ್ಳಿ. ವಿಮಾನವೇ ಆಗಬೇಕು ಅಂದರೆ ಹಿಂದಿನ ದಿನ ಮಧ್ಯಾಹ್ನದ್ದು ಬುಕ್ ಮಾಡಿ, ಮುಹೂರ್ತದ ದಿನದ್ದು ಬೇಡ.